ಕೆಡವುವುದೋ, ಉಳಿಸುವುದೋ? ಫೆನ್‌ವೇ ಪಾರ್ಕ್ ಕ್ರೀಡಾಂಗಣದ ಲೆಕ್ಕಾಚಾರ

1912ರ ಏಪ್ರಿಲ್ 20ರಂದು ಅಮೆರಿಕದಲ್ಲಿ ಎರಡು ಬೇಸ್‌ಬಾಲ್ ಕ್ರೀಡಾಂಗಣಗಳು ಒಂದೇ ದಿನ ಆರಂಭಗೊಂಡವು: ಬಾಸ್ಟನ್ನಿನ ಫೆನ್‌ವೇ ಪಾರ್ಕ್ ಮತ್ತು ಮುಂದೆ ಟೈಗರ್ ಕ್ರೀಡಾಂಗಣವೆಂದು ಹೆಸರಾದ ಡೆಟ್ರಾಯಿಟ್‌ನ ಕ್ರೀಡಾಂಗಣ. ಡೆಟ್ರಾಯಿಟ್‌ನದು 1999ರಲ್ಲಿ ಕೊನೆಯ ಲೀಗ್ ಪಂದ್ಯ ಕಂಡು, 2008–09ರಲ್ಲಿ ನೆಲಸಮವಾಯಿತು. ಫೆನ್‌ವೇಯಲ್ಲಿ ಇಂದಿಗೂ ಆಟ ನಡೆಯುತ್ತಿದೆ. ಈ ವ್ಯತ್ಯಾಸಕ್ಕೆ ಬಾಸ್ಟನ್ ಜನರ ಅಭಿಮಾನವೇ ಕಾರಣವೆಂದು ಹೇಳುವುದು ರೂಢಿ. ಆದರೆ ಅಭಿಮಾನದಿಂದ ಕಾಂಕ್ರೀಟಿನ ಬಿರುಕು ಮುಚ್ಚುವುದಿಲ್ಲ.

ಫೆನ್‌ವೇಗೂ ಮರಣಶಾಸನ ಸಿದ್ಧವಾಗಿತ್ತೆಂಬುದನ್ನು ಗಮನಿಸಬೇಕು. 1999ರಲ್ಲಿ ರೆಡ್ ಸಾಕ್ಸ್ ತಂಡದ ಅಂದಿನ ಆಡಳಿತವು ಸಮೀಪದಲ್ಲೇ ಹೊಸ ಕ್ರೀಡಾಂಗಣ ನಿರ್ಮಿಸುವ ಯೋಜನೆಯನ್ನು ಪ್ರಕಟಿಸಿತು. ಮರುವರ್ಷದ ಹೊತ್ತಿಗೆ ಅದರ ಅಂದಾಜು ವೆಚ್ಚ ಸುಮಾರು 66.5 ಕೋಟಿ ಡಾಲರ್. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಾರ್ವಜನಿಕ ಹಣ. ಸ್ಥಳೀಯ ನಿವಾಸಿಗಳೂ ಸಂರಕ್ಷಣಾವಾದಿಗಳೂ ಇದನ್ನು ವಿರೋಧಿಸಿದರು. 2002ರಲ್ಲಿ ತಂಡವನ್ನು ಕೊಂಡ ಜಾನ್ ಹೆನ್ರಿ, ಟಾಮ್ ವರ್ನರ್ ಮತ್ತು ಲ್ಯಾರಿ ಲುಕಿನೋ ಅವರು ಹಳೆಯ ಕಟ್ಟಡವನ್ನೇ ಪರೀಕ್ಷಿಸಲು ಮುಂದಾದರು. ಅಲ್ಲಿಯೇ ಉಳಿಯುವ ಅಂತಿಮ ನಿರ್ಧಾರ ಪ್ರಕಟವಾದದ್ದು 2005ರ ಮಾರ್ಚ್‌ನಲ್ಲಿ. ಅಷ್ಟರಲ್ಲಾಗಲೇ ಸಣ್ಣ ಸಣ್ಣ ಸುಧಾರಣೆಗಳು ಆದಾಯ ತರಬಲ್ಲವೆಂಬುದು ಋಜುವಾತಾಗಿತ್ತು.

ಅವುಗಳಲ್ಲಿ ಪ್ರಸಿದ್ಧವಾದುದು 'ಗ್ರೀನ್ ಮಾನ್‌ಸ್ಟರ್' ಎಂಬ ಹಸಿರು ಗೋಡೆ. ಸುಮಾರು 37 ಅಡಿ ಎತ್ತರದ ಈ ಗೋಡೆಯ ಮೇಲೆ ಚೆಂಡು ಬೀದಿಗೆ ಬೀಳದಂತೆ ಬಲೆಯೊಂದಿತ್ತು. 2003ರಲ್ಲಿ ಆ ಬಲೆಯನ್ನು ತೆಗೆದು ಸುಮಾರು 270 ಆಸನಗಳನ್ನು ಹಾಕಲಾಯಿತು. ಒಂದಡಿ ಹೊಸ ಭೂಮಿಯನ್ನೂ ಕೊಳ್ಳದೆ, ಕ್ರೀಡಾಂಗಣದ ಅತ್ಯಂತ ಬೇಡಿಕೆಯ ಆಸನಗಳು ಅಲ್ಲಿ ಹುಟ್ಟಿಕೊಂಡವು. 2004ರಲ್ಲಿ ಬಲಬದಿಯ ಚಾವಣಿಯೂ ಹೀಗೆಯೇ ಆಸನಗಳ ತಾಣವಾಯಿತು. ಈ ಕಾಮಗಾರಿಗಳ ಹೊಣೆ ಹೊತ್ತವರು, ಬಾಲ್ಟಿಮೋರಿನ ಕ್ಯಾಮ್ಡನ್ ಯಾರ್ಡ್ಸ್ ಕ್ರೀಡಾಂಗಣದ ನಿರ್ಮಾಣದಿಂದ ಹೆಸರಾದ ವಾಸ್ತುತಜ್ಞೆ ಜಾನೆಟ್ ಮೇರಿ ಸ್ಮಿತ್.

ಕಾಮಗಾರಿಯ ವೇಳಾಪಟ್ಟಿ ಇನ್ನೂ ಸ್ವಾರಸ್ಯಕರವಾದುದು. ಪ್ರತಿ ವರ್ಷ ತವರಿನಲ್ಲಿ 81 ಪಂದ್ಯಗಳು ನಡೆಯಲೇಬೇಕು. ಕ್ರೀಡಾಂಗಣವನ್ನು ಒಂದು ಋತು ಮುಚ್ಚಿದರೂ ಆದಾಯ ನಿಲ್ಲುತ್ತದೆ. ಆದುದರಿಂದ ಇಡೀ ಕೆಲಸವನ್ನು ಹತ್ತು ಚಳಿಗಾಲಗಳಿಗೆ ಹಂಚಲಾಯಿತು. ಆಸನಗಳನ್ನು ಕಿತ್ತು, ಕೆಳಗಿನ ಕಾಂಕ್ರೀಟನ್ನು ದುರಸ್ತಿ ಮಾಡಿ, ನೀರು ಇಂಗದಂತೆ ಲೇಪ ಹಚ್ಚಿ, 1934ರ ಪುನರ್ನಿರ್ಮಾಣದ ಕಾಲದ ಮರದ ಆಸನಗಳನ್ನು ಮತ್ತೆ ಜೋಡಿಸಲಾಯಿತು. ಬಾಸ್ಟನ್ನಿನ ಹಿಮದಲ್ಲಿ ಇದು ದುಬಾರಿ ವಿಧಾನವೇ ಸರಿ. ಆದರೂ ಒಂದು ಚಳಿಗಾಲದ ಅನುಭವವನ್ನು ನೋಡಿಕೊಂಡು ಮುಂದಿನ ಹೂಡಿಕೆಯನ್ನು ನಿಶ್ಚಯಿಸುವ ಅವಕಾಶ ಮಾಲೀಕರಿಗೆ ದೊರೆಯಿತು. ಹೊಸ ನಿರ್ಮಾಣದಲ್ಲಿ ಈ ಅನುಕೂಲ ಎಲ್ಲಿಂದ ಬಂದೀತು? ಒಟ್ಟು ವೆಚ್ಚ ಸುಮಾರು 28.5 ಕೋಟಿ ಡಾಲರ್.

ತೆರಿಗೆಯ ಅಂಶವೂ ಇದೆ. ಅಮೆರಿಕದ ಕೇಂದ್ರ ಸರಕಾರವು ಐತಿಹಾಸಿಕ ಕಟ್ಟಡಗಳ ಪುನರುಜ್ಜೀವನದ ಅರ್ಹ ವೆಚ್ಚದ ಶೇ. 20ರಷ್ಟನ್ನು ತೆರಿಗೆಯಲ್ಲಿ ಕಡಿತಗೊಳಿಸಲು ಅವಕಾಶ ನೀಡುತ್ತದೆ. ಷರತ್ತು, ಕಟ್ಟಡದ ಐತಿಹಾಸಿಕ ಸ್ವರೂಪ ಕೆಡಬಾರದು. ಫೆನ್‌ವೇ 2012ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಹಳೆಯದನ್ನು ಉಳಿಸಿದವನಿಗೆ ಲಾಭ ತೋರಿಸುವ ಈ ನೀತಿಯು ಬರಿಯ ನಿಷೇಧಾಜ್ಞೆಗಿಂತ ಫಲಕಾರಿ ಎಂಬುದು ಈ ಲೇಖಕನ ಅಭಿಪ್ರಾಯ.

ಹಾಗೆಂದು ಎಲ್ಲವೂ ನಿರ್ವಿವಾದವೇನಲ್ಲ. 2003ರ ಮೇ ತಿಂಗಳಿಂದ 2013ರ ಏಪ್ರಿಲ್‌ವರೆಗೆ 820 ಪಂದ್ಯಗಳ ಟಿಕೆಟ್‌ಗಳು ಸತತವಾಗಿ ಪೂರ್ತಿ ಮಾರಾಟವಾದವೆಂದು ತಂಡವು ಹೇಳಿಕೊಂಡಿತು; ಉಚಿತವಾಗಿ ಹಂಚಿದವನ್ನೂ ಲೆಕ್ಕಕ್ಕೆ ಸೇರಿಸಿದ್ದನ್ನು ಪತ್ರಿಕೆಗಳು ಪ್ರಶ್ನಿಸಿದವು. ಪಕ್ಕದ ಬೀದಿಯನ್ನು ಪಂದ್ಯದ ದಿನ ಮುಚ್ಚಿ ವ್ಯಾಪಾರ ನಡೆಸುವ ಹಕ್ಕನ್ನೂ, ಹಸಿರು ಗೋಡೆಯ ಆಚೆ ಬೀದಿಯ ಮೇಲಿನ ಅವಕಾಶವನ್ನೂ ನಗರದ ಪ್ರಾಧಿಕಾರವು 2013ರಲ್ಲಿ ಸುಮಾರು 73 ಲಕ್ಷ ಡಾಲರುಗಳಿಗೆ ಬಿಟ್ಟುಕೊಟ್ಟಾಗ, ಬೆಲೆ ತೀರ ಕಡಿಮೆಯಾಯಿತೆಂಬ ಟೀಕೆ ಎದ್ದಿತು. ಇನ್ನು ಪ್ರೇಕ್ಷಕನ ಕಷ್ಟ: ಚಾವಣಿಯನ್ನು ಹೊತ್ತ ಹಳೆಯ ಕಂಬಗಳನ್ನು ತೆಗೆಯಲಾಗದು. ಅವುಗಳ ಹಿಂದಿನ ಇಕ್ಕಟ್ಟಾದ ಆಸನಗಳಿಗೂ ಟಿಕೆಟ್ ಮಾರಾಟವಾಗುತ್ತದೆ. ಅಲ್ಲಿ ಕುಳಿತವರು ಚೆಂಡನ್ನು ಕಾಣಲು ಕತ್ತು ಹೊರಳಿಸಬೇಕು.