ಸಿಟ್ರೋಯೆನ್ 2 ಸಿವಿ: ಮನೆಯಂಗಳದಲ್ಲಿಯೇ ಪೋಷಣೆ ಮತ್ತು ದುರಸ್ತಿ

ಇಬ್ಬರು ರೈತರನ್ನೂ ಐವತ್ತು ಕಿಲೋ ಆಲೂಗಡ್ಡೆಯನ್ನೂ ಹೊತ್ತು, ಉತ್ತ ಹೊಲವನ್ನು ದಾಟುವಾಗ ಬುಟ್ಟಿಯಲ್ಲಿನ ಒಂದು ಮೊಟ್ಟೆಯೂ ಒಡೆಯದಂತೆ ಸಾಗಬಲ್ಲ ಅಲ್ಪವೆಚ್ಚದ ವಾಹನವೊಂದು ಬೇಕೆಂದು ಸಿಟ್ರೋಯೆನ್ ಸಂಸ್ಥೆಯ ಪಿಯೆರ್ ಬುಲಾಂಜೆ ಎರಡನೆಯ ಮಹಾಯುದ್ಧಕ್ಕೆ ಮೊದಲೇ ತನ್ನ ಯಂತ್ರಶಿಲ್ಪಿಗಳಿಗೆ ಆದೇಶವಿತ್ತಿದ್ದನು. ಯುದ್ಧದಿಂದಾಗಿ ವಿಳಂಬಗೊಂಡ ಆ ಸಂಕಲ್ಪವು 1948ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ 2 ಸಿವಿ ಎಂಬ ಹೆಸರಿನಿಂದ ಮೂರ್ತರೂಪ ತಾಳಿತು. 1990ರ ಜುಲೈಯಲ್ಲಿ ಪೋರ್ಚುಗಲ್ಲಿನ ಕಾರ್ಖಾನೆಯಿಂದ ಕೊನೆಯ ಗಾಡಿ ಹೊರಬರುವ ವೇಳೆಗೆ 38 ಲಕ್ಷಕ್ಕೂ ಮಿಕ್ಕಿ ಕಾರುಗಳು ನಿರ್ಮಾಣಗೊಂಡು, ಫ್ರಾನ್ಸಿನ ಹಳ್ಳಿಹಳ್ಳಿಗಳ ಕುಟುಂಬಜೀವನದಲ್ಲಿ ಬೆರೆತುಹೋಗಿದ್ದುವು.

ಪೇಟೆಯಿಂದ ದೂರದಲ್ಲಿರುವ ಗೃಹಸ್ಥನು ಸಾಮಾನ್ಯ ಸ್ಪ್ಯಾನರುಗಳ ಸಹಾಯದಿಂದ ತಾನೇ ನೋಡಿಕೊಳ್ಳಲು ಶಕ್ಯವಾಗಬೇಕೆಂಬ ಉದ್ದೇಶವು ಈ ವಾಹನದ ರಚನೆಯ ಪ್ರತಿಯೊಂದು ಅಂಗದಲ್ಲಿಯೂ ಕಾಣಬರುತ್ತದೆ. ಎದುರುಬದುರಾಗಿ ಮಲಗಿಸಿದ ಎರಡೇ ಸಿಲಿಂಡರುಗಳ ಎಂಜಿನ್ನು ಗಾಳಿಯಿಂದಲೇ ತಂಪಾಗುವುದರಿಂದ ರೇಡಿಯೇಟರೂ ಇಲ್ಲ, ನೀರಿನ ಪಂಪೂ ಇಲ್ಲ. ಮುಂದಿನ ಮಡ್‌ಗಾರ್ಡುಗಳು ಕೆಲವೇ ಬೋಲ್ಟುಗಳನ್ನು ಬಿಚ್ಚಿದರೆ ಕೈಗೆ ಬರುತ್ತವೆ. ಇಂತಹ ಸರಳ ಯಂತ್ರಕ್ಕೆ ಬೇಕಾದುದು ಅಸಾಧಾರಣ ಕೌಶಲವಲ್ಲ, ಕಾಲಕಾಲಕ್ಕೆ ತಪ್ಪದೆ ಸಲ್ಲುವ ಶ್ರದ್ಧೆ. 1970ರಿಂದ ತಯಾರಾದ 602 ಸಿಸಿ ಎಂಜಿನ್ನಿನ 2 ಸಿವಿ 6 ಮಾದರಿಯನ್ನು ಗಮನದಲ್ಲಿಟ್ಟುಕೊಂಡು ಆ ಶ್ರದ್ಧೆಯ ಕ್ರಮವನ್ನು ಇಲ್ಲಿ ವಿವರಿಸಿದೆ.

1. ಮೊದಲು ಸುರಕ್ಷತೆ

ಈ ಕಾರಿನ ಹ್ಯಾಂಡ್ ಬ್ರೇಕು ಹಿಂದಿನ ಚಕ್ರಗಳನ್ನಲ್ಲ, ಮುಂದಿನವನ್ನು ಹಿಡಿಯುತ್ತದೆ. ಆದಕಾರಣ ಮುಂಭಾಗವನ್ನು ಜ್ಯಾಕಿನಿಂದ ಎತ್ತಿದೊಡನೆ ಗಾಡಿಯನ್ನು ತಡೆದು ನಿಲ್ಲಿಸುವ ಶಕ್ತಿಯೇ ಇಲ್ಲದಂತಾಗುತ್ತದೆ. ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹಿಂದಿನ ಎರಡೂ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಮರದ ಅಡೆಗಳನ್ನಿಟ್ಟ ಬಳಿಕವೇ ಎತ್ತತಕ್ಕದ್ದು. ಎತ್ತಿದ ಮೇಲೆ ಚಾಸಿಯ ಕೆಳಗೆ ಭದ್ರವಾದ ಸ್ಟ್ಯಾಂಡುಗಳನ್ನು ಕೊಡದೆ ಯಾರೂ ಗಾಡಿಯಡಿಗೆ ತೂರಬಾರದು. ವಿದ್ಯುತ್ತಿಗೆ ಸಂಬಂಧಿಸಿದ ಕೆಲಸವಾದರೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲೇ ಬಿಚ್ಚಿಡಬೇಕು.

2. ಎಂಜಿನ್ ಆಯಿಲ್

ನೀರಿನ ತಂಪಿಲ್ಲದ ಎಂಜಿನ್ನಿನಲ್ಲಿ ಆಯಿಲ್ ಘರ್ಷಣೆಯನ್ನು ಕಡಿಮೆ ಮಾಡುವುದಷ್ಟೇ ಅಲ್ಲದೆ ಶಾಖವನ್ನು ಹೊತ್ತೊಯ್ಯುವ ಹೊಣೆಯನ್ನೂ ಹೊತ್ತಿರುವುದರಿಂದ, ಐದು ಸಾವಿರ ಕಿಲೋಮೀಟರಿಗೊಮ್ಮೆ ಅದನ್ನು ಬದಲಾಯಿಸುವುದು ಕ್ಷೇಮಕರ. ಎಂಜಿನ್ನು ಬೆಚ್ಚಗಿರುವಾಗಲೇ ಕೆಳಗಿನ ಡ್ರೈನ್ ಪ್ಲಗ್ಗನ್ನು ಬಿಚ್ಚಿ ಹಳೆಯದೆಲ್ಲವೂ ಬಸಿಯುವಂತೆ ಬಿಡಬೇಕು. ಹೊಸ ಫಿಲ್ಟರಿನ ರಬ್ಬರು ಉಂಗುರಕ್ಕೆ ಒಂದಿಷ್ಟು ಆಯಿಲ್ ಸವರಿ, ಕೈಬಲದಿಂದಲೇ ಬಿಗಿಮಾಡಿ, ಸುಮಾರು ಎರಡೂವರೆ ಲೀಟರ್ ಹೊಸ ಆಯಿಲನ್ನು ತುಂಬಿ, ಸ್ವಲ್ಪಕಾಲ ಎಂಜಿನ್ನನ್ನು ಓಡಿಸಿ ನಿಲ್ಲಿಸಿದ ಮೇಲೆ ಅಳತೆಕಡ್ಡಿಯಲ್ಲಿ ಮಟ್ಟವನ್ನು ನೋಡಿಕೊಳ್ಳಬೇಕು. ಬಸಿದ ಆಯಿಲನ್ನು ಮಣ್ಣಿಗೋ ಚರಂಡಿಗೋ ಸುರಿಯದೆ ಡಬ್ಬಿಯಲ್ಲಿ ಶೇಖರಿಸಿ, ಅದನ್ನು ಸ್ವೀಕರಿಸುವ ಸ್ಥಳಕ್ಕೆ ಒಪ್ಪಿಸುವುದು ಧರ್ಮ.

3. ಗಾಳಿಯ ಮಾರ್ಗ

ಮುಂದಿನ ಫ್ಯಾನಿನ ಹಿಂದೆಯೇ ಪುಟ್ಟದೊಂದು ಆಯಿಲ್ ಕೂಲರ್ ಇದೆ. ಹುಳುಹುಪ್ಪಟೆ, ಧೂಳು, ಒಣಗಿದ ಎಲೆಗಳು ಇದರ ರೆಕ್ಕೆಗಳ ಸಂದಿನಲ್ಲಿ ಸಿಕ್ಕಿಕೊಂಡು ಜಿಡ್ಡಿನೊಡನೆ ಗಟ್ಟಿಯಾದುವೆಂದರೆ ಶಾಖವು ಹೊರಹೋಗಲು ದಾರಿಯಿಲ್ಲದೆ ಎಂಜಿನ್ನಿನ ಆಯುಷ್ಯವು ಕ್ಷೀಣಿಸುತ್ತದೆ. ವರ್ಷಕ್ಕೊಮ್ಮೆ ಮುಂದಿನ ಜಾಲರಿಯನ್ನೂ ಫ್ಯಾನನ್ನೂ ಕಳಚಿ ಮೃದುವಾದ ಬ್ರಷ್ಷಿನಿಂದ ಶುದ್ಧಿಮಾಡಬೇಕು. ಸಿಲಿಂಡರುಗಳ ಸುತ್ತಲಿನ ತಗಡಿನ ಕವಚಗಳನ್ನು ಬಿಚ್ಚಿದವರು ಅವನ್ನು ಮರಳಿ ಜೋಡಿಸಲು ಆಲಸ್ಯಪಡಬಾರದು. ಗಾಳಿಯನ್ನು ಬೇಕಾದೆಡೆಗೆ ಒಯ್ಯುವ ಕಾಲುವೆಗಳೆಂದರೆ ಆ ಕವಚಗಳೇ.

4. ಟ್ಯಾಪೆಟ್ ಹೊಂದಾಣಿಕೆ

ಎಂಜಿನ್ನು ಸಂಪೂರ್ಣವಾಗಿ ತಣ್ಣಗಿರುವಾಗ ಮಾತ್ರ ಈ ಕೆಲಸಕ್ಕೆ ಕೈಹಾಕಬೇಕು. ಪ್ರತಿಯೊಂದು ಪಕ್ಕದ ಮುಚ್ಚಳವೂ ಒಂದೇ ನಟ್ಟಿನಿಂದ ನಿಂತಿದೆ. ತೆಗೆಯುವಾಗ ತುಸು ಆಯಿಲ್ ಸೋರುವುದರಿಂದ ಕೆಳಗೊಂದು ತಟ್ಟೆಯಿರಲಿ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದಿಟ್ಟರೆ ಕೈಹಿಡಿಯಿಂದ ಎಂಜಿನ್ನನ್ನು ತಿರುಗಿಸುವುದು ಹಗುರವಾಗುತ್ತದೆ. ಎಡಗಡೆಯ ಒಳಹರಿವಿನ ವಾಲ್ವು ಪೂರ್ಣವಾಗಿ ತೆರೆದುಕೊಂಡಾಗ ಬಲಗಡೆಯ ಒಳಹರಿವಿನ ವಾಲ್ವು ಪೂರ್ಣವಾಗಿ ಮುಚ್ಚಿರುತ್ತದೆ. ಆಗ ಅದರ ಸಂದನ್ನು ಫೀಲರ್ ಗೇಜಿನಿಂದ ಅಳೆದು 0.20 ಮಿಲಿಮೀಟರಿಗೆ ಹೊಂದಿಸಬೇಕು. ಇದೇ ಕ್ರಮದಲ್ಲಿ, ಒಂದು ಪಕ್ಕದ ವಾಲ್ವು ತೆರೆದಿರುವಾಗ ಮತ್ತೊಂದು ಪಕ್ಕದ ಅದೇ ಜಾತಿಯ ವಾಲ್ವನ್ನು ಸರಿಪಡಿಸುತ್ತ ಹೋದರೆ ನಾಲ್ಕೂ ಮುಗಿಯುತ್ತವೆ. ಹೊಗೆ ಹೊರಬಿಡುವ ವಾಲ್ವುಗಳಿಗೂ ಅಳತೆ ಅದೇ. ಸಂದು ತೀರ ಕಡಿಮೆಯಾದರೆ ವಾಲ್ವು ಸರಿಯಾಗಿ ಮುಚ್ಚದೆ ಸುಟ್ಟುಹೋಗುವ ಅಪಾಯವುಂಟು. ಹೆಚ್ಚಾದರೆ ಟಕಟಕ ಶಬ್ದವೂ ಶಕ್ತಿಹಾನಿಯೂ ತಪ್ಪದು.

5. ಕಿಡಿಯ ವ್ಯವಸ್ಥೆ

ಎರಡು ಪ್ಲಗ್ಗುಗಳಲ್ಲಿಯೂ ಎಂಜಿನ್ನಿನ ಪ್ರತಿಯೊಂದು ಸುತ್ತಿನಲ್ಲಿ ಏಕಕಾಲಕ್ಕೆ ಕಿಡಿ ಹಾರುವುದರಿಂದ ಅವು ಇತರ ಕಾರುಗಳಲ್ಲಿಗಿಂತ ಶೀಘ್ರವಾಗಿ ಸವೆಯುತ್ತವೆ. ಇವುಗಳ ಸಂದು 0.6ರಿಂದ 0.7 ಮಿಲಿಮೀಟರ್ ಇರಲಿ. ಕಾಂಟ್ಯಾಕ್ಟ್ ಪಾಯಿಂಟುಗಳ ಪೆಟ್ಟಿಗೆಯು ಫ್ಯಾನಿನ ಹಿಂದೆ ಅಡಗಿರುವುದರಿಂದ, ಕೂಲರನ್ನು ಶುದ್ಧಿಮಾಡುವ ದಿನವೇ ಇದನ್ನೂ ನೋಡಿಬಿಡುವುದು ಉಚಿತ. ಪಾಯಿಂಟುಗಳ ಸಂದು 0.4 ಮಿಲಿಮೀಟರ್. ಬಳಿಕ, ಎಂಜಿನ್ನಿನ ಎಡಬದಿಯಲ್ಲಿರುವ ರಂಧ್ರದೊಳಗೆ 6 ಮಿಲಿಮೀಟರ್ ದಪ್ಪದ ಕಡ್ಡಿಯನ್ನು ತೂರಿಸಿ, ಅದು ಫ್ಲೈವೀಲಿನ ರಂಧ್ರದಲ್ಲಿ ಕೂರುವವರೆಗೆ ಎಂಜಿನ್ನನ್ನು ಕೈಯಿಂದ ಮೆಲ್ಲನೆ ತಿರುಗಿಸಬೇಕು. ಬ್ಯಾಟರಿಯ ತಂತಿಯನ್ನು ಮರಳಿ ಜೋಡಿಸಿ, ಇಗ್ನಿಷನ್ ಹಾಕಿ, ಪಾಯಿಂಟಿನ ತಂತಿಗೂ ಎಂಜಿನ್ನಿನ ಮೈಗೂ ನಡುವೆ ಸಣ್ಣ ಬಲ್ಬನ್ನಿಟ್ಟರೆ, ಪಾಯಿಂಟು ತೆರೆದ ಕ್ಷಣದಲ್ಲಿ ಅದು ಬೆಳಗುತ್ತದೆ. ಕಡ್ಡಿ ಕೂತ ಸ್ಥಾನದಲ್ಲಿಯೇ ಅದು ಬೆಳಗುವಂತೆ ಪೆಟ್ಟಿಗೆಯನ್ನು ತಿರುಗಿಸಿ ಬಿಗಿಮಾಡಿದರೆ ಟೈಮಿಂಗ್ ಸರಿಯಾಯಿತು. ಎಂಜಿನ್ನನ್ನು ಚಾಲೂ ಮಾಡುವ ಮುನ್ನ ಕಡ್ಡಿಯನ್ನು ಹೊರತೆಗೆದಿರುವುದನ್ನು ತಪ್ಪದೆ ಖಚಿತಪಡಿಸಿಕೊಳ್ಳತಕ್ಕದ್ದು.

6. ಬ್ರೇಕಿನ ದ್ರವ

1981ರ ಮಧ್ಯಭಾಗದಿಂದ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಬಂದಾಗ, ಅದರೊಡನೆ ಎಲ್‌ಎಚ್‌ಎಂ ಎಂಬ ಹಸಿರು ಬಣ್ಣದ ಖನಿಜತೈಲವೂ ಬಂದಿತು. ಅದಕ್ಕೆ ಹಿಂದಿನ ಡ್ರಮ್ ಬ್ರೇಕಿನ ಗಾಡಿಗಳಿಗೆ ಸಾಮಾನ್ಯ ಬ್ರೇಕ್ ಆಯಿಲ್ ಬೇಕು. ಒಂದರ ಜಾಗದಲ್ಲಿ ಇನ್ನೊಂದನ್ನು ಸುರಿದರೆ ಒಳಗಿನ ರಬ್ಬರುಗಳೆಲ್ಲ ಕೆಟ್ಟು ಬ್ರೇಕು ಸಂಪೂರ್ಣವಾಗಿ ವಿಫಲವಾಗುವ ಸಂಭವವಿರುವುದರಿಂದ, ಡಬ್ಬಿಯ ಮುಚ್ಚಳವನ್ನು ತೆರೆಯುವ ಮುನ್ನವೇ ತಮ್ಮ ಗಾಡಿ ಯಾವ ಬಗೆಯದೆಂಬುದನ್ನು ನಿಶ್ಚಯಿಸಿಕೊಳ್ಳಬೇಕು.

7. ಗ್ರೀಸು ಮತ್ತು ಟೈರು

ಮುಂದಿನ ಚಕ್ರಗಳ ಕಿಂಗ್‌ಪಿನ್ನುಗಳು ಗ್ರೀಸಿಲ್ಲದೆ ಬಾಳವು. ಸಾವಿರ, ಸಾವಿರದೈನೂರು ಕಿಲೋಮೀಟರಿಗೊಮ್ಮೆ ಚಕ್ರವನ್ನು ನೆಲದಿಂದೆತ್ತಿ, ಹೊಸ ಗ್ರೀಸು ಅಂಚಿನಲ್ಲಿ ಹೊರಬರುವವರೆಗೆ ಗ್ರೀಸ್ ಗನ್ನಿನಿಂದ ಒತ್ತಬೇಕು. ಸ್ಟೇರಿಂಗು ಭಾರವಾಯಿತೆಂದರೆ ಮೊದಲು ಸಂಶಯಪಡಬೇಕಾದುದು ಇದನ್ನೇ. 125-15 ಅಳತೆಯ ಟೈರುಗಳಿಗೆ ಮುಂದೆ 1.4 ಬಾರ್, ಹಿಂದೆ 1.8 ಬಾರ್ ಗಾಳಿ ಸಾಕು.

8. ತುಕ್ಕೆಂಬ ಪರಮಶತ್ರು

ಈ ಕಾರುಗಳು ನಾಶವಾಗುವುದು ಎಂಜಿನ್ನಿನ ದೋಷದಿಂದಲ್ಲ, ತುಕ್ಕಿನಿಂದ. ಟೊಳ್ಳಾದ ಚಾಸಿಯೊಳಗೆ ತೇವ ನಿಂತು ಒಳಗಿನಿಂದಲೇ ತಗಡನ್ನು ತಿನ್ನುತ್ತ ಬರುವುದರಿಂದ, ಹೊರಗಿನ ಬಣ್ಣ ಚೆನ್ನಾಗಿದೆಯೆಂದು ನಂಬುವಂತಿಲ್ಲ. ವರ್ಷಕ್ಕೆರಡು ಬಾರಿ ಕೆಳಗಿನಿಂದ ತೊಳೆದು, ಒಣಗಿಸಿ, ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಬೇಕು. ಸ್ವರ ಮಂಕಾದ ಕಡೆ, ತಗಡು ಉಬ್ಬಿದ ಕಡೆ ಕ್ಷಯ ಪ್ರಾರಂಭವಾಗಿದೆಯೆಂದೇ ತಿಳಿಯಬೇಕು. ಪೆಡಲುಗಳ ಬಳಿಯ ನೆಲದ ತಗಡನ್ನೂ ಮುಂಗಾಜಿನ ಕೆಳಗಂಚನ್ನೂ ವಿಶೇಷವಾಗಿ ಪರೀಕ್ಷಿಸಿ, ಚಾಸಿಯ ಒಳಗೆ ತುಕ್ಕುನಿರೋಧಕ ಮೇಣವನ್ನು ಸಿಂಪಡಿಸುವುದು ಹಿತಕರ. ಹಳೆಯ ಚಾಸಿ ಕೆಟ್ಟಿದ್ದರೂ ನಿರಾಶೆ ಬೇಡ. ಬೋಲ್ಟುಗಳಿಂದ ಕೂತಿರುವ ಮೇಲಿನ ಒಡಲನ್ನು ನಾಲ್ವರು ಸೇರಿ ಎತ್ತಿ, ಸತುವಿನ ಲೇಪವಿರುವ ಹೊಸ ಚಾಸಿಯ ಮೇಲೆ ಕೂರಿಸುವ ಪರಿಪಾಠ ಯೂರೋಪಿನ 2 ಸಿವಿ ಪ್ರಿಯರಲ್ಲಿ ರೂಢಿಯಾಗಿದೆ.

ಮನೆಯಲ್ಲಿ ಮಾಡಬಾರದ್ದು

ಎರಡೂ ಪಕ್ಕಗಳಲ್ಲಿ ಉದ್ದಕ್ಕೆ ಮಲಗಿರುವ, ಮುಂದಿನ ಹಾಗೂ ಹಿಂದಿನ ಚಕ್ರಗಳನ್ನು ಬೆಸೆಯುವ ಸ್ಪ್ರಿಂಗಿನ ಕೊಳವೆಗಳನ್ನು ಅನುಭವವಿಲ್ಲದವರು ಬಿಚ್ಚಬಾರದು. ಒಳಗಿನ ಒತ್ತಡ ಪ್ರಾಣಾಪಾಯಕ್ಕೆ ಸಾಕಷ್ಟಿದೆ. ಚಾಸಿಗೆ ಬೆಸುಗೆ ಹಾಕುವುದನ್ನೂ ಗೇರುಪೆಟ್ಟಿಗೆಯ ಒಳಗಿನ ಕೆಲಸವನ್ನೂ ಬಲ್ಲವರಿಗೆ ಬಿಡುವುದೇ ವಿವೇಕ.

ಕಡೆಯದಾಗಿ, ಯಾವ ದಿನ ಏನನ್ನು ಬದಲಾಯಿಸಿದಿರಿ, ಆಗ ಗಾಡಿ ಎಷ್ಟು ಕಿಲೋಮೀಟರ್ ಓಡಿತ್ತು ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ತಪ್ಪದೆ ಬರೆದಿಡಿರಿ. ಮುಂದಿನ ಕೆಲಸಕ್ಕೆ ಅದೇ ಮಾರ್ಗದರ್ಶಿ. ಮುಂದೆ ಈ ಗಾಡಿಯನ್ನು ನಡೆಸುವ ಮಕ್ಕಳಿಗೂ ಮೊಮ್ಮಕ್ಕಳಿಗೂ ಗಾಡಿಯೊಡನೆ ಆ ಪುಸ್ತಕವನ್ನೂ ಒಪ್ಪಿಸಿರಿ.