ಕೊಲೆಸ್ಟರಾಲ್ ಮತ್ತು ನಮ್ಮ ಹೃದಯ



ಕೊಲೆಸ್ಟರಾಲ್ ಅಂದರೆ ವಿಷ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಮೇಣದಂತಹ ವಸ್ತು. ಜೀವಕೋಶದ ಪೊರೆಗೂ, ಡಿ ಜೀವಸತ್ವ ತಯಾರಾಗುವುದಕ್ಕೂ ಅದು ಬೇಕೇ ಬೇಕು. ಅದರ ಹೆಚ್ಚಿನ ಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ.

ಕೊಲೆಸ್ಟರಾಲನ್ನು ರಕ್ತದಲ್ಲಿ ಹೊತ್ತು ಸಾಗಿಸುವ ಕಣಗಳಲ್ಲಿ ಮುಖ್ಯವಾದವು ಎರಡು. ಎಲ್.ಡಿ.ಎಲ್. ಅದನ್ನು ದೇಹಕ್ಕೆಲ್ಲಾ ಹಂಚುತ್ತದೆ. ಎಚ್.ಡಿ.ಎಲ್. ಮಿಕ್ಕಿದ್ದನ್ನು ವಾಪಸ್ಸು ತರುತ್ತದೆ. ಎಲ್.ಡಿ.ಎಲ್. ಜಾಸ್ತಿಯಾದರೆ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ.

ನಮ್ಮ ತೋಟಗಳ ಡ್ರಿಪ್ ಪೈಪು ನೋಡಿದ್ದೀರಲ್ಲ? ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಕಟ್ಟಿ ನೀರು ಕಡಿಮೆಯಾಗುತ್ತದೆ. ರಕ್ತನಾಳವೂ ಹೀಗೇ ವರ್ಷಾನುಗಟ್ಟಲೆ ಕಿರಿದಾಗುತ್ತದೆ. ಆದರೆ ಒಂದು ವ್ಯತ್ಯಾಸ ಇದೆ. ಗೋಡೆಯೊಳಗಿನ ಆ ಗಡ್ಡೆ ಒಂದು ದಿನ ಒಡೆದರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಬಿಡುತ್ತದೆ. ಅದೇ ಹೃದಯಾಘಾತ.

ಬೀಡಿ ಸಿಗರೇಟು, ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಇನ್ನೂ ಹೆಚ್ಚು. ತೆಳ್ಳಗಿರುವವರಿಗೂ ಕೊಲೆಸ್ಟರಾಲ್ ಹೆಚ್ಚಿರಬಹುದು. ಅದರಿಂದ ನೋವಿಲ್ಲ, ಸುಸ್ತಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗುವುದು. ಸಾಮಾನ್ಯವಾಗಿ ಒಟ್ಟು ಕೊಲೆಸ್ಟರಾಲ್ 200ಕ್ಕಿಂತ ಕಡಿಮೆ ಇರಬೇಕು.

ನಿಮಗೆ ಗೊತ್ತೇ?
1. ಯಾವ ಕಂಪನಿಯ ಕಡಲೆಕಾಯಿ ಎಣ್ಣೆಯಲ್ಲೂ ಕೊಲೆಸ್ಟರಾಲ್ ಇರುವುದಿಲ್ಲ. ಅದು ಪ್ರಾಣಿಜನ್ಯ ಆಹಾರದಲ್ಲಿ ಇರುತ್ತದೆ.
2. ಹಾಗಂತ ದಿನಾ ಬೋಂಡ, ವನಸ್ಪತಿ ತಿಂಡಿ ತಿನ್ನಬಾರದು. ಬೆಣ್ಣೆ, ವನಸ್ಪತಿ, ಮಾಂಸದ ಕೊಬ್ಬು ಎಲ್.ಡಿ.ಎಲ್. ಹೆಚ್ಚಿಸುತ್ತವೆ.
3. ಅವರೆಕಾಳು, ಹುರುಳಿಕಾಳಿನ ನಾರು ಅದನ್ನು ತಗ್ಗಿಸಲು ಸಹಾಯ ಮಾಡುತ್ತದೆ. ಮುದ್ದೆ ಜೊತೆ ಕಾಳಿನ ಸಾರು ಒಳ್ಳೆಯದು.

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ ಆಗ 46 ವರ್ಷ. ಚೆನ್ನಾಗಿ ವ್ಯಾಯಾಮ ಮಾಡುತ್ತಿದ್ದವರು. ಆಮೇಲೆ ನಮ್ಮ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ಈ ಯೋಜನೆಯ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಬೇಗ ಕೊಟ್ಟಷ್ಟೂ ಹೃದಯದ ಸ್ನಾಯು ಉಳಿಯುತ್ತದೆ.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಹರಡಿದರೆ, ಗ್ಯಾಸ್ ಅಂತ ಸೋಡಾ ಕುಡಿಸಿ ಮಲಗಿಸಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಅಪ್ಪ, ಅಮ್ಮ, ತಾತನಿಗೆ ಈ ವಿಷಯ ಇವತ್ತೇ ಓದಿ ಹೇಳಿ. ರಕ್ತ ಪರೀಕ್ಷೆ ಮಾಡಿಸಲೂ ಹೇಳಿ.

ಆರೋಗ್ಯವೇ ಭಾಗ್ಯ.

— 7ನೇ ತರಗತಿ, ರಾಜಘಟ್ಟ