19ನೇ ಲೈಟ್ ಡ್ರಾಗೂನ್ಸ್: ಸಂಖ್ಯೆ ಒಂದೇ, ರೆಜಿಮೆಂಟ್ ಎರಡು
ಈ ವಿಷಯದಲ್ಲಿ ಅಭ್ಯರ್ಥಿಗಳು ಎಡವುವುದು ಇಸವಿಯಲ್ಲಲ್ಲ, ಸಂಖ್ಯೆಯಲ್ಲಿ. 1781ರಲ್ಲಿ ಭಾರತದ ಸೇವೆಗೆಂದೇ ಸರ್ ಜಾನ್ ಬರ್ಗಾಯ್ನ್ ಕಟ್ಟಿದ ಲಘು ಅಶ್ವದಳವಿದು (ಅಮೆರಿಕದ ಸರಟೋಗಾದಲ್ಲಿ ಶರಣಾದ ಜನರಲ್ ಬರ್ಗಾಯ್ನ್ ಬೇರೆ ವ್ಯಕ್ತಿ). ಮೊದಲು 23ನೇ ಲೈಟ್ ಡ್ರಾಗೂನ್ಸ್ ಆಗಿದ್ದು, 1786ರಲ್ಲಿ 19ನೆಯದಾಯಿತು, 1821ರಲ್ಲಿ ವಿಸರ್ಜನೆಗೊಂಡಿತು. 1862ರಲ್ಲಿ ಬ್ರಿಟಿಷ್ ಸೇನೆಗೆ ಸೇರಿದ 19ನೇ ಹುಸಾರ್ಸ್ ಇದರ ಮುಂದುವರಿಕೆಯಲ್ಲ. ಅದರ ಮೂಲ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಯುರೋಪಿಯನ್ ಅಶ್ವದಳ. ಹಾಗಾದರೆ ಹುಸಾರ್ಸ್ ಲಾಂಛನದಲ್ಲಿ ಆನೆ, 'ಅಸ್ಸಾಯೆ' ಎಂಬ ಗೌರವ ಏಕೆ ಎಂಬ ಆಕ್ಷೇಪ ಸಹಜ. ಅವು ಹಳೆಯ ದಳದ ಸ್ಮರಣಾರ್ಥ ಕೊಟ್ಟ ಗೌರವಗಳು. ಗೌರವ ಬಳುವಳಿಯಾಗಿ ಬಂದ ಮಾತ್ರಕ್ಕೆ ವಂಶ ಒಂದೇ ಆಗದು. ನಡುವೆ ಸುಮಾರು ನಲವತ್ತು ವರ್ಷ ಆ ಸಂಖ್ಯೆಯ ಅಶ್ವದಳವೇ ಇರಲಿಲ್ಲ.

ಕರ್ನಾಟಕದ ಅಭ್ಯರ್ಥಿಗಳಿಗೆ ಹಳೆಯ ದಳವೇ ಮುಖ್ಯ. ಮೂರನೇ ಮತ್ತು ನಾಲ್ಕನೇ ಮೈಸೂರು ಯುದ್ಧಗಳಲ್ಲಿ ಅದು ಟಿಪ್ಪುವಿನ ವಿರುದ್ಧ ಹೋರಾಡಿತು. 1800ರ ಸೆಪ್ಟೆಂಬರ್ 10ರಂದು ಕೋನಗಲ್‌ನಲ್ಲಿ ಬಂಡಾಯಗಾರ ಧೋಂಡಿಯ ವಾಘ್ ಹತನಾದಾಗ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಸ್ವತಃ ಮುನ್ನಡೆಸಿದ ದಾಳಿಯಲ್ಲೂ ಇದೇ ದಳವಿತ್ತು. ಈ ದಳಕ್ಕೆ ಗೌರವ ತಂದ ಅಸ್ಸಾಯೆ ಕದನ (1803ರ ಸೆಪ್ಟೆಂಬರ್ 23) ಮರಾಠರ ವಿರುದ್ಧ ನಡೆದದ್ದು, ಮೈಸೂರಿನ ವಿರುದ್ಧವಲ್ಲ. ಬಹುಆಯ್ಕೆ ಪ್ರಶ್ನೆಗಳಿಗೆ ಇದು ಹೇಳಿ ಮಾಡಿಸಿದ ಬಲೆ. ವೆಲ್ಲೂರು ದಂಗೆಯನ್ನು (1806ರ ಜುಲೈ 10) ಅಡಗಿಸಲು ಆರ್ಕಾಟಿನಿಂದ ಧಾವಿಸಿದ್ದೂ ಈ ದಳವೇ. ಅದರ ಅಧಿಕಾರಿ ಗಿಲೆಸ್ಪಿಯನ್ನು ಸೈನಿಕರ ಎದೆಪಟ್ಟಿಗಳನ್ನು ಗಂಟುಹಾಕಿ ಮಾಡಿದ ಹಗ್ಗದಿಂದ ಕೋಟೆಗೋಡೆಯ ಮೇಲಕ್ಕೆ ಎಳೆದುಕೊಳ್ಳಲಾಯಿತು.